ಐಸು ತಂದುಕೊಟ್ಟವಳು

ಕಲ್ಯಾಣದುರ್ಗದ ಹಳೇ ಪೇಟೆಯಲ್ಲಿ ಕಿರಾಣಿ ಬಸವೇಶನ ಮನೆ ಯಾವುದು ಎಂದು ಕೇಳಿದರೆ ವಯಸ್ಸಾದವರು ‘ಹುಗ್ಗಿ ವೀರಭದ್ರಮ್ಮನ ಮನೆಯಾ’ ಎಂದು ತಿರುಗಿ ಕೇಳುತ್ತಾರೆ. ಬಸವೇಶ ಆಕೆಯ ಒಬ್ಬನೇ ಮಗ. ಅಂಗಡಿ ಅವನದು, ಮನೆಯ ಪತ್ರ ಅವನ ಹೆಸರಿನಲ್ಲಿದೆ, ಆದರೆ ಮನೆಗೆ ಹೆಸರು ಬಂದಿದ್ದು ಆ ಮುದುಕಿ ಮಾಡುವ ಗೋಧಿ ಹುಗ್ಗಿಯಿಂದ.

ವೀರಭದ್ರಮ್ಮನಿಗೆ ಎಪ್ಪತ್ತು ಹತ್ತಿರ ಬಂದಿದೆ. ಬೆಳಗ್ಗೆ ಎದ್ದು ಮೈ ತೊಳೆದುಕೊಂಡು, ಕೊರಳಿನ ಲಿಂಗವನ್ನು ಎಡ ಅಂಗೈಗೆ ಇಳಿಸಿ ಪೂಜೆ ಮಾಡಿ, ಹಣೆಗೆ ಎಳೆದು ಬೆರಳಲ್ಲಿ ಮಿಕ್ಕ ವಿಭೂತಿಯನ್ನು ಒಲೆಗೂ ಎಳೆದು, ಆಮೇಲೆ ಬೆಂಕಿ ಹಚ್ಚುವುದು ಆಕೆಯ ಪದ್ಧತಿ. ಸೌದೆ ಒಲೆ ಹೋಗಿ ಗ್ಯಾಸು ಬಂದರೂ ಆ ಮೂರು ಗೆರೆ ತಪ್ಪಲಿಲ್ಲ. ಸೊಸೆ ದಾಕ್ಷಾಯಣಿ ಮದುವೆಯಾಗಿ ಬಂದಾಗಿನಿಂದ ತರಕಾರಿ ಹೆಚ್ಚಿದ್ದಾಳೆ, ಶೇಂಗಾ ಹುರಿದಿದ್ದಾಳೆ. ಅತ್ತೆ ಜ್ವರ ಬಂದು ಮಲಗಿದ ದಿನ ಬಿಟ್ಟರೆ ಅವಳು ಬೆಳಗಿನ ಒಲೆ ಹಚ್ಚಿದವಳಲ್ಲ. ಅದಕ್ಕೊಂದು ಕಾರಣ ಇತ್ತು. ಗಂಡ ಸತ್ತ ಹೆಂಗಸನ್ನು ಆರತಿಗೆ ಯಾರೂ ಕರೆಯುವುದಿಲ್ಲ, ಬಸುರಿಗೆ ಮಡಿಲು ತುಂಬುವಾಗ ಆಕೆ ಹಿಂದಿನ ಸಾಲಿಗೆ ಸರಿಯಬೇಕು. ಆದರೆ ಕಾರ್ತಿಕದ ಕಡೇ ಸೋಮವಾರ ಮಠದ ರುದ್ರಮುನಿ ಅಯ್ನೋರು ಆ ಮನೆಗೆ ಪ್ರಸಾದಕ್ಕೆ ಬಂದರೆ, ‘ಹುಗ್ಗಿ ನಮ್ಮ ವೀರಭದ್ರಮ್ಮಂದೇ ತಾನೆ?’ ಎಂದು ಕೇಳಿಯೇ ಎಲೆ ಮುಂದೆ ಕೂರುತ್ತಿದ್ದರು. ಊರಲ್ಲಿ ಆಕೆಗೆ ಇದ್ದ ಮರ್ಯಾದೆಯೆಲ್ಲ ಆ ಒಲೆಯ ಮುಂದಿನ ಮೊಳ ಜಾಗದಲ್ಲಿತ್ತು. ಆ ಜಾಗ ಬಿಟ್ಟರೆ ಆಕೆ ಮನೆಯಲ್ಲಿ ಒಂದು ಹಾಸಿಗೆ, ಒಂದು ತಟ್ಟೆ, ಅಷ್ಟೇ.

ಆ ಜಾಗವನ್ನು ಆಕೆ ಸುಮ್ಮನೆ ಪಡೆದವಳೂ ಅಲ್ಲ. ಗಂಡ ಕೊಟ್ಟೂರಪ್ಪ ಹಿಂದೂಪುರದ ಮಂಡಿಯಿಂದ ಹುಣಸೆ, ಬೆಲ್ಲ ತಂದು ಮಾರುತ್ತಿದ್ದ. ಒಂದು ದಿನ ಎದೆ ಹಿಡಿದುಕೊಂಡು ಮೂಟೆಗೆ ಒರಗಿ ಕೂತವನು ಏಳಲಿಲ್ಲ. ತಿಥಿ ಮುಗಿಯುವುದರೊಳಗೆ ಮೈದುನರು ಅಂಗಡಿಗೆ ಬೀಗ ಹಾಕಿದರು. ಬಸವೇಶ ಆಗ ಹೈಸ್ಕೂಲು ಹುಡುಗ. ಕದಿರಿ ಕಡೆಯ ಒಬ್ಬ ಹೆಂಗಸು ಆ ಸೀಮೆಯ ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆ ಗಲ್ಫಿಗೆ ಕಳಿಸುತ್ತಿದ್ದಳು. ವೀರಭದ್ರಮ್ಮ ಅವಳ ಹಿಂದೆ ಬಹರೇನಿಗೆ ಹೋದಳು. ಲಿಂಗವಂತರ ಮನೆಯಿಂದ ಆವರೆಗೆ ಹಾಗೆ ಯಾರೂ ಹೋದವರಿರಲಿಲ್ಲ. ಅಲ್ಲಿ ಎಣ್ಣೆ ಕಂಪನಿಯ ಇಂಗ್ಲಿಷ್ ದೊರೆಯೊಬ್ಬನ ಮನೆಯಲ್ಲಿ ಆಕೆ ಅಡುಗೆಯವಳು. ಎಷ್ಟೋ ವರ್ಷ. ಇಲ್ಲಿ ಅಂಗಡಿಯ ಬೀಗ ತೆರೆದಿದ್ದು, ಬಸವೇಶನ ಮದುವೆಯಾಗಿದ್ದು, ಮನೆಗೆ ತಾರಸಿ ಬಿದ್ದಿದ್ದು ಎಲ್ಲವೂ ಆ ಅಡುಗೆಯಿಂದ.

ವಾಪಸು ಬಂದ ದಿನ ಆಕೆಯ ಅತ್ತೆ ಬಾಗಿಲಲ್ಲೇ ತಡೆದು, ತಂಬಿಗೆ ನೀರು ಹಿಡಿದುಕೊಂಡು, ‘ಶುದ್ಧದ ಮನೆ ತಾನೆ?’ ಎಂದು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ತಾನೇ ಬೀದಿಯ ಕಡೆ ತಿರುಗಿ, ಗುಜರಾತಿ ಸಾಹುಕಾರರ ಮನೆ, ಈರುಳ್ಳಿಯನ್ನೂ ತಿನ್ನದವರು ಎಂದು ನೆರೆಹೊರೆಗೆ ಕೇಳುವಂತೆ ಹೇಳಿ, ಸೊಸೆಯ ಕಾಲಿಗೆ ನೀರು ಹಾಕಿ ಒಳಗೆ ಕರೆದುಕೊಂಡಳು. ಆ ಮುದುಕಿ ಸತ್ತಳು, ಮಾತು ಉಳಿಯಿತು. ಅಲ್ಲಿ ಏನು ಕಂಡೆ, ಹೆಂಗಿದ್ದೆ ಎಂದು ವೀರಭದ್ರಮ್ಮನನ್ನು ಆಮೇಲೆ ಯಾರೂ ಕೇಳಲಿಲ್ಲ. ಕೇಳದೆ ಇರುವುದರಲ್ಲೇ ಎಲ್ಲರ ಹಿತ ಇತ್ತು.

ಕೇಳಿದವಳು ಮೊಮ್ಮಗಳು ದಿವ್ಯ. ಅವಳು ಹಿಂದೂಪುರದಲ್ಲಿ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಎಂ.ಎ. ಓದುತ್ತಿದ್ದಳು. ಶನಿವಾರ ಸಾಯಂಕಾಲ ಸೋಮಂದೇಪಲ್ಲಿ, ಪೆನುಕೊಂಡ ದಾಟಿ ಬಸ್ಸು ಬದಲಾಯಿಸಿಕೊಂಡು ಊರಿಗೆ ಬಂದರೆ ಸೋಮವಾರ ಬೆಳಗ್ಗೆ ಬುತ್ತಿ ಕಟ್ಟಿಸಿಕೊಂಡು ಹೊರಡುವಳು. ಆ ಸಲ ಅವಳ ಕೈಯಲ್ಲಿ ಒಂದು ಹಳೇ ಕಾದಂಬರಿ ಇತ್ತು. ಅದರ ಮೇಲೆ ಸೆಮಿನಾರು ಕೊಡಬೇಕಿತ್ತು. ಯಾವುದೋ ಯುದ್ಧ ಮುಗಿದ ಮೇಲೆ ಒಂದಷ್ಟು ಬಿಳಿಯರು ತಮ್ಮ ದೇಶ ಬಿಟ್ಟು ಮತ್ತೊಬ್ಬರ ದೇಶದ ಸಮುದ್ರದ ದಂಡೆಯ ಊರಲ್ಲಿ ಹೋಟೆಲು ಹಿಡಿದು ಕೂತಿರುತ್ತಾರೆ. ಕೆಲಸ ಇಲ್ಲ, ಕಾರ್ಯ ಇಲ್ಲ. ಕುಡಿಯುತ್ತಾರೆ, ಜಗಳ ಆಡುತ್ತಾರೆ, ಊರಿಗೆ ಹೋಗಬೇಕು ಅನ್ನುತ್ತಾರೆ, ಹೋಗುವುದಿಲ್ಲ. ದಿವ್ಯಳಿಗೆ ಕಥೆ ತಿಳಿಯುತ್ತಿತ್ತು. ಕಥೆಯೊಳಗಿನ ಸಾಮಾನು ತಿಳಿಯುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಹಿತ್ತಿಲಲ್ಲಿ ಅಜ್ಜಿ ಶೇಂಗಾ ಸುಲಿಯುತ್ತಿದ್ದಾಗ ಪುಸ್ತಕ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

‘ಅಜ್ಜಿ, ನೀನು ಬಹರೇನಲ್ಲಿ ಇಂಗ್ಲಿಷ್ನೋರನ್ನ ನೋಡಿದೀಯಲ್ಲ. ಇವ್ರು ದಿನಾ ಹೊತ್ತು ಮುಳುಗೋದನ್ನೇ ಕಾಯ್ತಾರೆ. ಸನ್‌ಡೌನರ್ ಅಂತೆ. ಫೋನಲ್ಲಿ ಹಾಕುದ್ರೆ ಸಾಯಂಕಾಲದ ಪಾನೀಯ ಅಂತ ಬತ್ತೈತೆ. ಟೀ ಏನು?’

ವೀರಭದ್ರಮ್ಮ ಸೊಸೆ ಎಲ್ಲಿದ್ದಾಳೆ ಎಂದು ತಿರುಗಿ ನೋಡಿದಳು. ದಾಕ್ಷಾಯಣಿ ಅಂಗಡಿಗೆ ಊಟ ಕೊಡಲು ಹೋಗಿದ್ದಳು.

‘ಟೀ ಅಲ್ಲ ಕಣಮ್ಮ, ಹೆಂಡ. ಹೊತ್ತು ಇರೋವಾಗ ಕುಡುದ್ರೆ ಕುಡುಕ, ಹೊತ್ತು ಮುಳುಗಿದ ಮೇಲೆ ಕುಡುದ್ರೆ ದೊಡ್ಡ ಮನುಷ್ಯ. ಅವ್ರಲ್ಲಿ ಅಷ್ಟೇ ವ್ಯತ್ಯಾಸ. ನಾವು ಕಾರ್ತಿಕದಾಗೆ ದೀಪ ಹಚ್ಚೋ ತನಕ ಬಾಯಿಗೆ ಏನೂ ಹಾಕಲ್ವಲ್ಲ, ಹಂಗೆ ಕಾಯೋರು.’

ದಿವ್ಯ ನಕ್ಕಳು. ಅಜ್ಜಿಯ ಬಾಯಿ ಬಿಚ್ಚಿಕೊಂಡಿತು. ಎಷ್ಟೋ ವರ್ಷದಿಂದ ಮುಚ್ಚಿಟ್ಟಿದ್ದ ಮಡಕೆ, ಆದರೂ ಅದರೊಳಗಿನದು ಕೆಟ್ಟಿರಲಿಲ್ಲ. ಬಾಟಲಿಯ ಬಣ್ಣ, ಜೊತೆಗೆ ಬೆರೆಸುವ ಕಹಿ ಸೋಡಾ, ಆ ಕಹಿ ಜ್ವರದ ಮಾತ್ರೆಯ ಕಹಿ ಎನ್ನುವುದು, ನಿಂಬೆಯನ್ನು ಹಿಂಡದೆ ಬಿಲ್ಲೆ ಮಾಡಿ ಹಾಕಬೇಕು ಎನ್ನುವುದು, ದೊರೆಯ ಲೋಟಕ್ಕೆ ಐಸು ಜಾಸ್ತಿ, ದೊರೆಸಾನಿಯ ಲೋಟಕ್ಕೆ ಹೆಂಡ ಜಾಸ್ತಿ ಎನ್ನುವುದು, ಎಲ್ಲವೂ ನಿನ್ನೆ ನೋಡಿದ ಹಾಗೆ ಬಂತು.

ಆ ದಿನದಿಂದ ಭಾನುವಾರ ಮಧ್ಯಾಹ್ನವೆಂದರೆ ಇಬ್ಬರಿಗೂ ಅದೇ ಕೆಲಸವಾಯಿತು. ಕಾದಂಬರಿಯಲ್ಲಿ ಒಂದು ಕಡೆ ನವೆಂಬರಿನಲ್ಲಿ ಎಲ್ಲರೂ ಅಂಗಿಗೆ ಕೆಂಪು ಕಾಗದದ ಹೂವು ಚುಚ್ಚಿಕೊಂಡಿರುತ್ತಾರೆ. ಒಬ್ಬ ಮಾತ್ರ ತನ್ನ ಹೂವು ಕಿತ್ತು ಕುಡಿಯುವ ಲೋಟಕ್ಕೆ ಹಾಕುತ್ತಾನೆ. ಅಷ್ಟಕ್ಕೇ ಅವರ ಗೆಳೆತನ ಮುರಿದುಬೀಳುತ್ತದೆ. ಒಂದು ಕಾಗದದ ಹೂವಿಗೆ ಯಾಕೆ ಇಷ್ಟು ಎಂದು ದಿವ್ಯಳಿಗೆ ಅರ್ಥವಾಗಿರಲಿಲ್ಲ. ಅದು ಯುದ್ಧದಲ್ಲಿ ಸತ್ತವರ ಹೆಸರಿನ ಹೂವು ಎಂದು ಅಜ್ಜಿ ಹೇಳಿದಳು. ದೊರೆಸಾನಿ ಪ್ರತಿ ವರ್ಷ ಆ ದಿನ ತನ್ನ ತಾತನ ಫೋಟೋ ಒರೆಸಿ ಇಡುತ್ತಿದ್ದಳಂತೆ. ‘ನಮ್ಮಲ್ಲಿ ಯಾವನಾರ ವಿಭೂತಿ ತಗಂಡು ಚಪ್ಪಲಿ ಒರುಸುದ್ರೆ ಹೆಂಗಾಯ್ತದೆ? ಹಂಗೆ’ ಎಂದಳು. ದಿವ್ಯ ಅದನ್ನು ಹಾಗೇ ಬರೆದುಕೊಂಡಳು.

ಇನ್ನೊಂದು ಕಡೆ ಒಬ್ಬ ಮಾಂಸದ ತಟ್ಟೆಯನ್ನು ಅಡುಗೆಮನೆಗೆ ವಾಪಸು ಕಳಿಸುತ್ತಾನೆ. ಜಾಸ್ತಿ ಬೆಂದಿದೆ ಎಂಬುದು ಅವನ ಸಿಟ್ಟು. ಜಾಸ್ತಿ ಬೆಂದರೆ ಸಿಟ್ಟು ಯಾಕೆ ಎಂದು ದಿವ್ಯ ಕೇಳಿದಳು. ವೀರಭದ್ರಮ್ಮ ಶೇಂಗಾದ ಮೊರ ಪಕ್ಕಕ್ಕಿಟ್ಟಳು. ಆಮೇಲೆ ಮೊಮ್ಮಗಳ ಕೈ ಎಳೆದುಕೊಂಡು, ಹೆಬ್ಬೆರಳ ಬುಡದ ದಪ್ಪ ಜಾಗವನ್ನು ತನ್ನ ಬೆರಳಿಂದ ಒತ್ತಿದಳು. ಕೈ ಸಡಿಲ ಬಿಟ್ಟರೆ ಇಷ್ಟು ಮೆತ್ತಗೆ, ಅದು ಒಳಗೆ ರಕ್ತ ಇರುವ ಹದ. ಬೆರಳು ಮಡಿಸುತ್ತ ಹೋದ ಹಾಗೆ ಇಲ್ಲಿ ಗಟ್ಟಿಯಾಗುತ್ತದೆ, ಅದು ಬೆಂದ ಹದ. ದನದ ಮಾಂಸವನ್ನು ಹೀಗೆ ಒತ್ತಿ ನೋಡಿ ಇಳಿಸಬೇಕು, ದೊರೆಗೆ ಮೆತ್ತಗಿದ್ದರೇ ಇಷ್ಟ. ಇದನ್ನು ಹೇಳುವಾಗ ಆಕೆಯ ಧ್ವನಿಯಲ್ಲಿ ಅಸಹ್ಯವೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಹುಗ್ಗಿಯ ಪಾಕ ಹೇಳುವ ಧ್ವನಿಯೇ ಅದು.

‘ಇದನ್ನೆಲ್ಲಾ ಕಾಲೇಜಲ್ಲಿ ಹೇಳ್ಕೋ,’ ಎಂದಳು ಕೈ ಬಿಟ್ಟು. ‘ನಿಮ್ಮಮ್ಮನ ಮುಂದೆ ಬ್ಯಾಡ.’

ಹಿಂದೂಪುರದಲ್ಲಿ ಆಡಿದ ಮಾತು ಹಿಂದೂಪುರದಲ್ಲೇ ಉಳಿಯುತ್ತದೆ ಎಂದು ಆಕೆ ನಂಬಿದ್ದಳು.

ಆ ಕಾದಂಬರಿಯಲ್ಲಿ ಆಕೆಗೆ ತಿಳಿಯದೆ ಹೋದದ್ದು ಒಂದೇ. ಲೆಕ್ಚರರು ಇಂಥ ಪುಸ್ತಕಗಳಿಗೆ ಎಕ್ಸ್‌ಪೇಟ್ರಿಯೇಟ್ ಕಾದಂಬರಿ ಅನ್ನುತ್ತಾರೆ ಎಂದು ದಿವ್ಯ ಹೇಳಿದ್ದಳು. ತನ್ನ ದೇಶ ಬಿಟ್ಟು ಬೇರೆ ದೇಶದಲ್ಲಿ ಇರುವವರು ಎಂದು ಅದರ ಅರ್ಥ.

‘ಹಂಗಾದ್ರೆ ನಾನೂ ಅದೇ ಆಗಿದ್ನಾ?’

‘ಇಲ್ಲಜ್ಜಿ,’ ದಿವ್ಯ ಪುಟ ಮಗುಚುತ್ತಲೇ ಹೇಳಿದಳು, ‘ನೀನು ಲೇಬರ್.’

‘ಓ,’ ಎಂದಳು ವೀರಭದ್ರಮ್ಮ. ಶೇಂಗಾ ಸುಲಿದಳು. ಹೊತ್ತು ಕಳೆದ ಮೇಲೆ, ಅವರಿಗೆ ಐಸು ಯಾರು ತಂದುಕೊಡುತ್ತಾರೆ, ಆ ಹೋಟೆಲಿನಲ್ಲಿ ಅಡುಗೆ ಯಾರದು ಎಂದು ಕೇಳಿದಳು. ದಿವ್ಯ ಹುಡುಕಿ ನೋಡಿದಳು. ಒಬ್ಬ ಹುಡುಗಿ ಅಲ್ಲಲ್ಲಿ ಬಂದು ಐಸು ಇಟ್ಟು ಹೋಗುತ್ತಿದ್ದಳು. ಹೆಸರು ಇರಲಿಲ್ಲ.

‘ಇಡೀ ಪುಸ್ತಕದಾಗೆ?’

‘ಇಡೀ ಪುಸ್ತಕದಾಗೆ.’

‘ಅವ್ಳಿಗೆ ಕೈ ಮರಗಟ್ಟಿದ್ದಾದ್ರೂ ಬರದವ್ರಾ?’

‘ಅವಳ ಕಥೆ ಅಲ್ವಲ್ಲಜ್ಜಿ ಇದು.’

ಸೆಮಿನಾರು ಚೆನ್ನಾಗಿ ಆಯಿತು. ಬೇರೆ ಹುಡುಗರು ಗೈಡು ನೋಡಿ ಓದಿದರೆ ದಿವ್ಯ ಹೂವಿನ ಕಥೆ ಹೇಳಿದಳು, ತನ್ನ ಕೈ ಮುಂದೆ ಚಾಚಿ ಹೆಬ್ಬೆರಳ ಬುಡ ಒತ್ತಿ ತೋರಿಸಿದಳು. ಲೆಕ್ಚರರು ಇದೆಲ್ಲ ಎಲ್ಲಿಂದ ತಿಳಿಯಿತು ಎಂದು ಕೇಳಿದ್ದಕ್ಕೆ, ನಮ್ಮ ಅಜ್ಜಿ ಬಹರೇನಿನಲ್ಲಿ ಇಂಗ್ಲಿಷರ ಮನೆಯಲ್ಲಿ ದನದ ಮಾಂಸ ಬೇಯಿಸುತ್ತಿದ್ದಳು, ಅವರಿಗೆ ಜಿನ್ ಬೆರೆಸಿ ಕೊಡುತ್ತಿದ್ದಳು, ಈ ಕಾದಂಬರಿಯ ಒಳಗಿನ ಮನೆ ಆಕೆಗೆ ಗೊತ್ತು ಎಂದು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಜೊತೆಯ ಹುಡುಗಿ ಮೌನಿಕಾ ಅದನ್ನು ಫೋನಿನಲ್ಲಿ ಹಿಡಿದು ಕೊಟ್ಟಳು. ದಿವ್ಯ ಅಪ್ಪನಿಗೆ ಕಳಿಸಿದಳು.

ಬಸವೇಶನಿಗೆ ಇಂಗ್ಲಿಷ್ ಬಾರದು. ಅಂಗಡಿಯಲ್ಲಿ ಕನ್ನಡ, ಗಿರಾಕಿಯ ಜೊತೆ ತೆಲುಗು, ಬ್ಯಾಂಕಿನಲ್ಲಿ ಸಹಿ, ಅವನ ಬದುಕು ಅಷ್ಟರಲ್ಲೇ ನಡೆದಿತ್ತು. ಮಗಳು ವೇದಿಕೆಯ ಮೇಲೆ ನಿಂತು ಒಂದು ಕಡೆಯೂ ತಡವರಿಸದೆ ಮಾತಾಡುವುದನ್ನು ಗಲ್ಲಾದ ಮುಂದೆ ಕೂತು ಮತ್ತೆ ಮತ್ತೆ ನೋಡಿದ. ಕಣ್ಣಲ್ಲಿ ನೀರು ಬಂತು. ಬಂದ ಗಿರಾಕಿಗಳಿಗೆ ತೋರಿಸಿದ. ಆಮೇಲೆ, ‘ನನ್ನ ಮಗಳು ದಿವ್ಯ, ಎಲ್ಲರ ಆಶೀರ್ವಾದ ಇರಲಿ’ ಎಂದು ಬರೆದು ಸಮಾಜದ ವಾಟ್ಸಾಪು ಗ್ರೂಪಿಗೆ ಹಾಕಿದ.

ಮೊದಲು ಹೂವು ಬಂದವು, ಕೈ ಮುಗಿದ ಬೊಂಬೆ ಬಂದವು, ಮಠದಿಂದಲೂ ಶುಭವಾಗಲಿ ಎಂದು ಬಂತು. ಕುಂದುರ್ಪಿಯಿಂದ, ಹಿಂದೂಪುರದಿಂದ ನೆಂಟರು ಫೋನು ಮಾಡಿದರು. ಬೆಳುಗುಪ್ಪದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ರಿಟೈರಾದವರು ಒಬ್ಬರು ಆ ಗ್ರೂಪಿನಲ್ಲಿದ್ದರು. ಅವರು ಪೂರ್ತಿ ಕೇಳಿದರು. ಕೇಳಿ ಒಂದೇ ಸಾಲು ಬರೆದರು. ‘ಬಸವೇಶಪ್ಪನವರೇ, ಪಾಪು ಹೇಳುತ್ತಿರುವುದು ನಿಮ್ಮ ತಾಯಿಯವರ ಬಗ್ಗೆಯೇ?’ ಅದರ ಕೆಳಗೆ ಪಾಪು ಹೇಳಿದ್ದನ್ನು ಕನ್ನಡದಲ್ಲಿ ಹಾಕಿದರು.

ಬಸವೇಶ ಅಳಿಸಿದ. ಅಷ್ಟರಲ್ಲಿ ಅದು ಊರವರ ಫೋನುಗಳಿಗೆಲ್ಲ ಇಳಿದಿತ್ತು.

ಮನೆಗೆ ಬಂದವನು ಚಪ್ಪಲಿ ಬಿಡದೆ ನಡುಮನೆಯಲ್ಲಿ ನಿಂತ. ‘ಗುಜರಾತಿಗಳ ಮನೆ ಅಂದಿದ್ಯಲ್ಲವ್ವ’ ಎಂದ.

ವೀರಭದ್ರಮ್ಮ ಮಗನ ಮುಖವನ್ನೇ ನೋಡಿದಳು. ಅವನು ಹೈಸ್ಕೂಲಿನಲ್ಲಿದ್ದಾಗ ಆಕೆ ಬಹರೇನಿಂದ ಒಂದು ಫೋಟೋ ಕಳಿಸಿದ್ದಳು. ಕ್ರಿಸ್‌ಮಸ್ಸಿನ ಮೇಜು, ನಡುವೆ ಇಡಿಯಾಗಿ ಹುರಿದ ದೊಡ್ಡ ಕೋಳಿ, ಸುತ್ತ ಕೆಂಪು ಮುಖದ ದೊರೆಗಳು, ಹಿಂದೆ ಏಪ್ರನ್ನು ಕಟ್ಟಿಕೊಂಡು ನಿಂತ ತಾನು. ‘ನಮ್ಮಮ್ಮನ ಸಾಹೇಬ್ರು’ ಎಂದು ಅವನು ಅದನ್ನು ಶಾಲೆಗೆ ಒಯ್ದು ತೋರಿಸಿ ಬಂದವನು. ಅದೇ ಸಾಹೇಬನ ಮಗನ ಹಳೇ ಬೂಟು ಹಾಕಿಕೊಂಡು ಹತ್ತನೇ ಕ್ಲಾಸು ಓದಿದವನು.

‘ನಾನಂದಿಲ್ಲಪ್ಪ. ನಿಮ್ಮಜ್ಜಿ ಅಂದಿದ್ದು. ನಿಂಗೆ ಗೊತ್ತಿರ್ಲಿಲ್ವಾ?’

‘ಗೊತ್ತಿರೋದು ಬೇರೆ, ಊರ ಮುಂದೆ ಹೇಳೋದು ಬೇರೆ.’

‘ಊರ ಮುಂದೆ ಹಾಕಿದ್ದು ನೀನಲ್ವೇನಪ್ಪ.’

ಬಸವೇಶ ಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟು ಬಂದ. ಒಳಗೆ ಹೋಗಿ ಮಗಳಿಗೆ ಫೋನು ಹಚ್ಚಿ ಬೈದ.

ಮರುದಿನ ಬೆಳಗ್ಗೆ ವೀರಭದ್ರಮ್ಮ ಎಂದಿನಂತೆ ಪೂಜೆ ಮುಗಿಸಿ, ಬೆರಳಲ್ಲಿ ವಿಭೂತಿ ಇಟ್ಟುಕೊಂಡು ಅಡುಗೆಮನೆಗೆ ಬಂದಳು. ಒಲೆ ಆಗಲೇ ಹಚ್ಚಿತ್ತು. ದಾಕ್ಷಾಯಣಿ ಬೆನ್ನು ತಿರುಗಿಸಿಕೊಂಡು ಉಪ್ಪಿಟ್ಟು ಕೆದಕುತ್ತಿದ್ದಳು.

‘ನೀವು ಕೂತ್ಕಳಿ ಅತ್ತೆ,’ ಎಂದಳು ತಿರುಗದೆ. ‘ನಿಮಗೂ ವಯಸ್ಸಾಯ್ತು.’

ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ಕಷ್ಟವಾಗಿದ್ದು. ಸಿಟ್ಟಿದ್ದರೆ ಜಗಳ ಆಡಬಹುದಿತ್ತು. ಹುಗ್ಗಿಯ ದೊಡ್ಡ ಹಿತ್ತಾಳೆ ಪಾತ್ರೆ ಅಟ್ಟಕ್ಕೆ ಹೋಗಿತ್ತು, ಅದರ ಜಾಗದಲ್ಲಿ ಬೆಲೆಚೀಟಿ ಕೀಳದ ಹೊಸ ಸ್ಟೀಲಿನ ಪಾತ್ರೆ ಕೂತಿತ್ತು. ವೀರಭದ್ರಮ್ಮ ಬೆರಳಿನ ವಿಭೂತಿಯನ್ನು ಸೆರಗಿಗೆ ಒರೆಸಿಕೊಂಡು ಹೊರಗೆ ಬಂದಳು. ಆ ದಿನ ಕೈಗಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹಿತ್ತಿಲಿಗೆ ಹೋದಳು, ಬೀದಿಗೆ ಬಂದಳು, ಮತ್ತೆ ಹಿತ್ತಿಲಿಗೆ ಹೋದಳು.

ಎದುರುಮನೆ ಸಣ್ಣಕ್ಕ ಬಂದು ಜಗುಲಿಯಲ್ಲಿ ಕೂತಳು. ಆಕೆಯೂ ಗಂಡ ಇಲ್ಲದವಳು, ಹಬ್ಬ ಬಂದರೆ ವೀರಭದ್ರಮ್ಮನ ಹುಗ್ಗಿಯನ್ನು ತಂಬಿಗೆ ತಂದು ತುಂಬಿಸಿಕೊಂಡು ಹೋಗುತ್ತಿದ್ದವಳು.

‘ನಿನ್ನ ಹುಗ್ಗಿ ಅಷ್ಟು ರುಚಿ ಯಾಕೆ ಅಂತ ಈಗ ತಿಳೀತು ಕಣೆ,’ ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ವೀರಭದ್ರಮ್ಮ ಎದ್ದು ಒಳಗೆ ಹೋದಳು. ಸಣ್ಣಕ್ಕ ತಮಾಷೆಗೆ ಅಂದದ್ದು ಎಂದು ಹಿಂದಿನಿಂದ ಕೂಗಿ ಹೇಳುತ್ತಲೇ ಇದ್ದಳು.

ಕಾರ್ತಿಕದ ಕಡೇ ಸೋಮವಾರ ಹತ್ತಿರ ಬಂತು. ಬಸವೇಶ ಮಠಕ್ಕೆ ಹೋಗಿ ಎಂದಿನಂತೆ ಬಿನ್ನಹ ಮಾಡಿಕೊಂಡಾಗ ರುದ್ರಮುನಿ ಅಯ್ನೋರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತಾವೇ ಒಂದು ಸಂಜೆ ಮನೆಗೆ ಬಂದರು. ಕೊಟ್ಟ ಹಾಲನ್ನು ಮುಟ್ಟದೆ ಪಕ್ಕಕ್ಕೆ ಸರಿಸಿ, ವೀರಭದ್ರಮ್ಮನನ್ನು ಕರೆಸಿ ಮೆಲ್ಲಗೆ ಮಾತಾಡಿದರು. ಒಳ್ಳೆಯ ಮನುಷ್ಯರೇ. ಹೊಟ್ಟೆಪಾಡಿಗೆ ಹೋದವರನ್ನು ದೂರಲು ತಾವು ಬಂದಿಲ್ಲ, ಆದರೆ ಜನ ತಮ್ಮನ್ನು ಕೇಳುತ್ತಿದ್ದಾರೆ ಎಂದರು. ಆಮೇಲೆ ಒಂದೇ ಮಾತು ಕೇಳಿದರು.

‘ಅದನ್ನ ಮುಟ್ಟೋವಾಗ ಲಿಂಗ ಎಲ್ಲಿತ್ತಮ್ಮ? ಕೊರಳಲ್ಲಿತ್ತೋ, ತೆಗೆದಿಟ್ಟಿದ್ಯೋ?’

ಕೊರಳಲ್ಲಿತ್ತು ಎಂದರೆ ಮಾಂಸದ ಕೈಯಲ್ಲಿ ಲಿಂಗ ಹೊತ್ತವಳು. ತೆಗೆದಿಟ್ಟಿದ್ದೆ ಎಂದರೆ ಲಿಂಗ ಬಿಟ್ಟವಳು, ಬಿಟ್ಟ ಗಳಿಗೆಗೇ ಸತ್ತವಳ ಲೆಕ್ಕ. ಎರಡರಲ್ಲಿ ಯಾವುದನ್ನು ಹೇಳಿದರೂ ಒಲೆ ಹೋಗುತ್ತಿತ್ತು. ಆದರೂ ಆ ಮಾತು ಕಿವಿಗೆ ಬಿದ್ದಾಗ ವೀರಭದ್ರಮ್ಮನ ಎದೆ ಹಗುರಾಯಿತು. ಇಷ್ಟು ವರ್ಷದ ಮೇಲೆ ಯಾರೋ ಒಬ್ಬರು ಕೇಳಬೇಕಾದ್ದನ್ನು ಕೇಳಿದ್ದರು.

ಉತ್ತರ ಆಕೆಯ ನಾಲಿಗೆಯ ಮೇಲೇ ಇತ್ತು. ಹೋದ ಹೊಸತರಲ್ಲಿ ಆಕೆ ಲಿಂಗವನ್ನು ತೆಗೆದು, ಖಾಲಿ ಟೀ ಡಬ್ಬಿಯಲ್ಲಿ ಮಡಿಬಟ್ಟೆ ಹಾಸಿ ಅದರೊಳಗಿಟ್ಟು ಮಾಂಸ ಕುಯ್ಯಲು ಹೋಗುತ್ತಿದ್ದಳು. ಒಂದು ದಿನ ಬಂದು ನೋಡಿದರೆ ಡಬ್ಬಿ ಇಲ್ಲ. ಖಾಲಿ ಡಬ್ಬಿ ಎಂದು ದೊರೆಸಾನಿ ಕಸಕ್ಕೆ ಹಾಕಿದ್ದಳು. ಆ ಬಿಸಿಲಲ್ಲಿ ಕಾಂಪೌಂಡಿನ ಕಸದ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಇಳಿಸಿ, ಎಲುಬು, ಬಾಟಲಿ ಚೂರುಗಳ ನಡುವೆ ಹುಡುಕಿ, ಲಿಂಗ ಸಿಕ್ಕಿದಾಗ ಅಲ್ಲೇ ನೆಲದ ಮೇಲೆ ಕೂತು ಅತ್ತಿದ್ದಳು. ಆಮೇಲೆ ತೆಗೆಯಲಿಲ್ಲ. ರವಿಕೆಯೊಳಗೆ ಬಟ್ಟೆ ಸುತ್ತಿ ಬಿಗಿದು ಕಟ್ಟಿಕೊಂಡು, ಅದು ಇದ್ದಂತೆಯೇ ಎಲ್ಲವನ್ನೂ ಮುಟ್ಟಿದಳು. ಇರುವುದಾದರೆ ಜೊತೆಯಲ್ಲೇ ಇದ್ದು ಎಲ್ಲ ನೋಡಲಿ ಎಂದುಕೊಂಡಳು. ನನ್ನ ಜೊತೆ ಅಲ್ಲಿ ಇದ್ದದ್ದು ಅದೊಂದೇ ಎಂದು ಅಯ್ನೋರಿಗೆ ಹೇಳಬೇಕು ಎಂದು ಆಕೆ ಬಾಯಿ ತೆರೆದಳು.

‘ಬುದ್ದೀ,’ ಎಂದು ಬಸವೇಶ ನಡುವೆ ಬಂದುಬಿಟ್ಟ. ‘ಅದೆಲ್ಲಾ ನಡದೇ ಇಲ್ಲ ಬುದ್ದಿ. ಸೆಮಿನಾರು ಚೆನ್ನಾಗಿ ಬರ್ಲಿ ಅಂತ ಪಾಪು ಕಟ್ಟಿದ್ ಕಥೆ. ಅಮ್ಮ ಇದ್ದದ್ದು ಗುಜರಾತಿಗಳ ಮನೇಲೇ.’

ಅಯ್ನೋರು ಒಂದು ಕ್ಷಣ ವೀರಭದ್ರಮ್ಮನ ಕಡೆ ನೋಡಿದರು. ಆಕೆಯ ಬಾಯಿ ತೆರೆದೇ ಇತ್ತು. ಅವರು ನೋಟ ತಿರುಗಿಸಿಕೊಂಡರು. ಅವರ ಮುಖವೂ ಹಗುರಾಯಿತು. ಹಾಗಿದ್ದರೆ ಆ ಮಗುವೇ ಗ್ರೂಪಿನಲ್ಲಿ ಒಂದು ಮಾತು ಹೇಳಿಬಿಡಲಿ, ತಾವು ಸೋಮವಾರ ಬರುತ್ತೇವೆ, ಹುಗ್ಗಿ ವೀರಭದ್ರಮ್ಮನೇ ಮಾಡಲಿ ಎಂದು ಎದ್ದರು. ಏಳುವಾಗ ಪಕ್ಕಕ್ಕಿಟ್ಟ ಹಾಲನ್ನು ತೆಗೆದುಕೊಂಡು ಕುಡಿದರು.

ದಿವ್ಯ ತಡ ಮಾಡಲಿಲ್ಲ. ಅವಳ ಧ್ವನಿ ಗ್ರೂಪಿಗೆ ಬಂತು. ನಮ್ಮ ಅಜ್ಜಿ ಶುದ್ಧದ ಮನೆಯಲ್ಲಿ ಇದ್ದವರು, ಸೆಮಿನಾರಿನಲ್ಲಿ ಹೇಳಿದ್ದು ನಾನು ಸೇರಿಸಿಕೊಂಡದ್ದು, ತಪ್ಪಾಯಿತು, ಹಿರಿಯರು ಕ್ಷಮಿಸಬೇಕು ಎಂದು ಓದಿದ ಹಾಗೆ ಹೇಳಿದ್ದಳು. ಬೆಳುಗುಪ್ಪದ ಮೇಷ್ಟ್ರು ಕೈ ಮುಗಿದ ಬೊಂಬೆ ಹಾಕಿದರು. ಬಸವೇಶ ಅದನ್ನು ತಾಯಿಗೆ ಕೇಳಿಸಿದ. ಕಾಲೇಜಿನಲ್ಲಿ ಮಾತ್ರ ಅಜ್ಜಿ ಹೇಳಿದ್ದು ನಿಜವಾಗಿಯೇ ಉಳಿಯಿತು, ಲೆಕ್ಚರರು ಆ ಸೆಮಿನಾರನ್ನು ಬೇರೆ ಕಾಲೇಜಿನಲ್ಲೂ ಕೊಡಿಸಬೇಕು ಎಂದಿದ್ದರು.

ಎರಡು ದಿನ ಬಿಟ್ಟು ದಿವ್ಯ ಅಜ್ಜಿಗೆ ಫೋನು ಮಾಡಿದಳು.

‘ಬೇಜಾರ್ ಮಾಡ್ಕಬ್ಯಾಡಜ್ಜಿ. ಅಪ್ಪ ಬೈದ್ರು, ಅದಕ್ಕೆ ಹಾಕ್ದೆ. ಸುಮ್ನೆ ಗ್ರೂಪಿಗೆ.’

‘ಇಲ್ಲಮ್ಮ.’

‘ಇನ್ನೊಂದು ಐತಜ್ಜಿ. ಕಡೇ ಅಧ್ಯಾಯದಾಗೆ ಅವ್ರೆಲ್ಲಾ ಚಿಪ್ಪಿನೊಳಗಿಂದು ಏನೋ ಹಸೀದೇ ತಿಂತಾರೆ. ನಿಂಬೆ ಹಿಂಡಿ. ಅದನ್ನ ಅಗೀತಾರಾ, ಹಂಗೇ ನುಂಗ್ತಾರಾ?’

ವೀರಭದ್ರಮ್ಮನಿಗೆ ಆ ಚಿಪ್ಪು ಕಣ್ಣ ಮುಂದೆ ಬಂತು. ಅದನ್ನು ತೆರೆಯಲು ಬೇರೆಯೇ ಒಂದು ಮೊಂಡು ಚೂರಿ ಇತ್ತು. ಅಂಗೈ ಕುಯ್ದುಕೊಳ್ಳದ ಹಾಗೆ ಬಟ್ಟೆ ಹಿಡಿದು ಒಳಗಿನ ನರ ಕತ್ತರಿಸಬೇಕು. ಒಂದು ಗಾಯದ ಗುರುತು ಈಗಲೂ ಅಂಗೈಯ ಅಂಚಿನಲ್ಲಿದೆ.

‘ಗುಜರಾತಿಗಳು ಅಂಥದ್ದು ತಿನ್ನಲ್ಲ ಕಣಮ್ಮ,’ ಎಂದಳು. ‘ನಂಗೆ ಹೆಂಗೆ ಗೊತ್ತಾಯ್ತದೆ?’

ಆ ಕಡೆ ಪುಟ ಮಗುಚಿದ ಸದ್ದಾಯಿತು. ಆಮೇಲೆ, ಊಟದ ಬೆಲ್ಲು ಹೊಡೀತು, ಮತ್ತೆ ಮಾಡ್ತೀನಿ ಎಂದು ದಿವ್ಯ ಫೋನು ಇಟ್ಟಳು.

ಸೋಮವಾರ ಬಂತು. ಹಿತ್ತಾಳೆ ಪಾತ್ರೆ ಅಟ್ಟದಿಂದ ಇಳಿದು, ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಒಲೆಯ ಪಕ್ಕದಲ್ಲಿ ಹೊಳೆಯುತ್ತಿತ್ತು. ದಾಕ್ಷಾಯಣಿ ಗೋಧಿ ಕುಟ್ಟಿ ನೆನೆಸಿದ್ದಳು, ಬೆಲ್ಲ ಪುಡಿ ಮಾಡಿ, ಕೊಬ್ಬರಿ ಹೆರೆದು, ಗಸಗಸೆ ಹುರಿದು ಇಟ್ಟಿದ್ದಳು. ವೀರಭದ್ರಮ್ಮ ಪೂಜೆ ಮುಗಿಸಿ ಬಾಗಿಲಲ್ಲಿ ನಿಂತಾಗ ಒಲೆ ಹಚ್ಚಿರಲಿಲ್ಲ. ಅತ್ತೆಗಾಗಿ ಬಿಟ್ಟಿತ್ತು.

‘ಬನ್ನಿ ಅತ್ತೆ, ಹೊತ್ತಾಯ್ತು.’

ವೀರಭದ್ರಮ್ಮ ಹೊಸಿಲು ದಾಟಲಿಲ್ಲ. ‘ನೀನೇ ಮಾಡಮ್ಮ,’ ಎಂದಳು.

ದಾಕ್ಷಾಯಣಿ ಗಾಬರಿಯಾದಳು. ಅಯ್ನೋರಿಗೆ ಏನು ಹೇಳುವುದು, ಆ ಹದ ತನಗೆ ಬರುವುದಿಲ್ಲ ಎಂದಳು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದಳು. ‘ನಾನು ಈ ಮನೆಗೆ ಬಂದ ವರ್ಷವೇ ನಿಮ್ಮ ಮಗ ಆ ದೊರೆ ಮನೆ ವಿಷ್ಯ ಹೇಳಿದ್ರು ಅತ್ತೆ. ನಾನು ಉಂಡಿಲ್ವಾ ನಿಮ್ಮ ಕೈದು?’

‘ಉಂಡಿದ್ದೀಯಮ್ಮ. ಆವಾಗ ಇದೇ ಕೈಯಿಂದ ಉಂಡೆ. ಈಗ ನೀವೆಲ್ಲ ಕೇಳ್ತಿರೋದು ಗುಜರಾತಿಗಳ ಮನೇಲಿದ್ದೋಳ ಕೈ. ಅವಳು ಯಾರು ಅಂತ ನಂಗೆ ಗೊತ್ತಿಲ್ಲ. ಅವಳು ಬಂದ್ರೆ ಮಾಡ್ಸ್ಕ.’

ಇಷ್ಟು ಹೇಳಿ ಆಕೆ ಹೊರಗಿನ ಜಗುಲಿಗೆ ಹೋಗಿ ಕೂತಳು. ಒಳಗೆ ಲೈಟರು ಎರಡು ಮೂರು ಸಲ ಟಕ್ ಎಂದಿತು. ಹೊತ್ತು ಕಳೆದ ಮೇಲೆ ಬೆಲ್ಲ ತಳ ಹಿಡಿದ ವಾಸನೆ ಬಂತು. ಉರಿ ತಗ್ಗಿಸಮ್ಮ ಎಂದು ಕೂಗಿ ಹೇಳಬಹುದಿತ್ತು. ಆಕೆ ಕೂಗಲಿಲ್ಲ.

ಅಯ್ನೋರು ಬಂದರು. ಜಗುಲಿಯಲ್ಲಿ ಕೂತವಳನ್ನು ನೋಡಿ, ಆರೋಗ್ಯವೇನಮ್ಮ ಎಂದು ಕೇಳಿದರು. ಆರೋಗ್ಯ ಬುದ್ದಿ ಎಂದು ಆಕೆ ಎದ್ದು ನಮಸ್ಕಾರ ಮಾಡಿದಳು. ಈ ಸಲ ಅವರು ಹುಗ್ಗಿ ಯಾರದು ಎಂದು ಕೇಳದೆ ಒಳಗೆ ಹೋದರು. ಬಸವೇಶ ಅವರ ಪಾದ ತೊಳೆದು, ಎಲೆ ಹಾಕಿಸಿ, ಮತ್ತೆ ಹೊರಗೆ ಬಂದ. ಬೀದಿಯಲ್ಲಿ ಓಡಾಡುವವರು ನೋಡುತ್ತಾರೆ, ಒಳಗಾದರೂ ಬಂದು ಕೂತುಕೋ ಎಂದು ಗದರಿದ.

‘ಎಲ್ಲಾ ಸರಿಹೋಯ್ತಲ್ಲವ್ವ. ಇನ್ನೇನು ನಿಂದು?’

‘ಅಯ್ನೋರು ಒಂದ್ ಮಾತು ಕೇಳಿದ್ರು. ಅದಕ್ಕೆ ನಾನಿನ್ನೂ ಉತ್ತರ ಹೇಳಿಲ್ಲ. ಅವರಿಗೆ ಬ್ಯಾಡ ಅಂದ್ರೆ ಬಿಡು. ನಿಂಗೆ ಹೇಳ್ತೀನಿ, ಕೂತ್ಕೋ.’

ಬಸವೇಶ ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. ಎದುರುಮನೆಯ ಬಾಗಿಲಲ್ಲಿ ಸಣ್ಣಕ್ಕ ಇದ್ದಳು.

‘ನಂಗೂ ಬ್ಯಾಡವ್ವ,’ ಎಂದ. ಪಾದ ತೊಳೆದ ಖಾಲಿ ತಂಬಿಗೆ ಅವನ ಕೈಯಲ್ಲೇ ಇತ್ತು. ಅದನ್ನು ಹಿಡಿದುಕೊಂಡು ಒಳಗೆ ಹೋಗಿ, ಅಯ್ನೋರ ಎಲೆಗೆ ತುಪ್ಪ ಬಡಿಸಲು ಹೆಂಡತಿಗೆ ಕೂಗಿ ಹೇಳಿದ.